ಎರಿ ಹೊಲದ ಎಣ್ಣೆ, ಜೀವಕೋಶದ ಕಾವಲು

ನವಲಗುಂದ ತಾಲ್ಲೂಕಿನ ಮೊರಬದಂಥ ಊರುಗಳಲ್ಲಿ ಖಾರಪುಡಿಯನ್ನು ವರ್ಷಕ್ಕಾಗುವಷ್ಟು ಕುಟ್ಟಿಸಿ ಇಡುತ್ತಾರೆ. ಶಾವಿಗೆ, ಸಂಡಿಗೆ, ಹಪ್ಪಳವೂ ವರ್ಷದ ಲೆಕ್ಕದಲ್ಲೇ ಆಗುತ್ತವೆ. ಅಗಸಿ, ಗುರೆಳ್ಳಿನ ಚಟ್ನಿಪುಡಿಯನ್ನು ಮಾತ್ರ ಹಾಗೆ ಮಾಡಿಡುವವರಿಲ್ಲ. ಕಾಳನ್ನು ಡಬ್ಬಿಯಲ್ಲಿ ಇಟ್ಟುಕೊಂಡು, ಹದಿನೈದು ದಿನಕ್ಕೋ ತಿಂಗಳಿಗೋ ಬೇಕಾದಷ್ಟನ್ನು ಹುರಿದು ಕುಟ್ಟುತ್ತಾರೆ. ಹೆಚ್ಚು ದಿನ ಇಟ್ಟರೆ ಕಮಟ ಹೊಡೆಯುತ್ತದೆ ಎಂಬುದು ಮನೆಯ ಹಿರಿಯರಿಗೆ ಗೊತ್ತು. ಕಾಳು ಇಡಿಯಾಗಿದ್ದಾಗ ತಿಂಗಳುಗಟ್ಟಲೆ ಕೆಡದ ಎಣ್ಣೆ, ಸಿಪ್ಪೆ ಒಡೆದು ಗಾಳಿ ತಾಗಿದ ಕೂಡಲೇ ಕೆಡಲು ತೊಡಗುತ್ತದೆ.

ಈ ಕಮಟು ವಾಸನೆ ಎಂದರೆ ಗಾಳಿಯಲ್ಲಿನ ಆಮ್ಲಜನಕ ಎಣ್ಣೆಯ ಅಣುಗಳನ್ನು ತುಂಡರಿಸಿದ ಗುರುತು. ನಮ್ಮ ಮೈಯ ಪ್ರತಿ ಜೀವಕೋಶದ ಸುತ್ತ ಇರುವ ಪೊರೆಯೂ ಕೊಬ್ಬಿನಾಮ್ಲಗಳಿಂದಲೇ ಆದದ್ದು. ಆಮ್ಲಜನಕವಂತೂ ಉಸಿರು ಉಸಿರಿಗೂ ಒಳಗೆ ಹೋಗುತ್ತದೆ. ಚಟ್ನಿಪುಡಿಯ ಡಬ್ಬಿಯಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೇ, ಹೆಸರೂ ಹೆಜ್ಜೆಗಳೂ ಬದಲಾಗದೆ, ಜೀವಕೋಶದ ಪೊರೆಯಲ್ಲೂ ನಡೆಯುತ್ತದೆ. ವೈದ್ಯರು ಇದನ್ನು ಉತ್ಕರ್ಷಣದ ಹಾನಿ ಎನ್ನುತ್ತಾರೆ. ಹುಬ್ಬಳ್ಳಿಯ ದೊಡ್ಡ ಅಂಗಡಿಗಳಲ್ಲಿ ಸಾಲಾಗಿ ನಿಂತ ಆಲಿವ್ ಎಣ್ಣೆಯ ಹಸಿರು ಬಾಟಲಿಗಳ ಮೇಲೆ ‘ಆ್ಯಂಟಿಆಕ್ಸಿಡೆಂಟ್’ ಎಂದು ಬರೆದಿರುವುದು ಈ ಹಾನಿಯನ್ನು ತಡೆಯುವ ವಸ್ತುಗಳ ಬಗ್ಗೆ. ಆ ಮಾತಿನಲ್ಲಿ ನಿಜವಿದೆ. ಎಷ್ಟು ನಿಜ, ಯಾವ ಎಣ್ಣೆಗೆ ನಿಜ ಎಂಬುದನ್ನು ಬಿಡಿಸಿ ನೋಡಿದರೆ ಮೊರಬದ ಎರಿ ಭೂಮಿಯವರೆಗೂ ಅದರ ದಾರಿ ಬರುತ್ತದೆ.

ಮೊದಲು ಎಣ್ಣೆ ಕೆಡುವ ಬಗೆಯನ್ನು ನೋಡೋಣ. ಕೊಬ್ಬಿನಾಮ್ಲ ಎಂದರೆ ಇಂಗಾಲದ ಉದ್ದನೆಯ ಸರಪಳಿ. ಆ ಸರಪಳಿಯಲ್ಲಿ ಅಲ್ಲಲ್ಲಿ ಜೋಡಿಬಂಧಗಳಿರುತ್ತವೆ. ಆಲಿವ್‌ನಲ್ಲಿ, ಶೇಂಗಾದಲ್ಲಿ ಹೆಚ್ಚಾಗಿರುವ ಒಲಿಯಿಕ್ ಆಮ್ಲದಲ್ಲಿ ಒಂದೇ ಜೋಡಿಬಂಧ. ಕುಸುಬಿ, ಸೂರ್ಯಕಾಂತಿ, ಗುರೆಳ್ಳಿನಲ್ಲಿ ತುಂಬಿರುವ ಲಿನೋಲಿಯಿಕ್ ಆಮ್ಲದಲ್ಲಿ ಎರಡು. ಅಗಸಿಯ ಲಿನೋಲೆನಿಕ್ ಆಮ್ಲದಲ್ಲಿ ಮೂರು. ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲದ ಮೇಲಿನ ಜಲಜನಕಕ್ಕೆ ಹಿಡಿತ ಸಡಿಲ. ಎಲೆಕ್ಟ್ರಾನ್ ಒಂದನ್ನು ಕಳೆದುಕೊಂಡು ಹಸಿದು ನಿಂತ ಅಣು, ಅಂದರೆ ಫ್ರೀ ರ್‍ಯಾಡಿಕಲ್, ಆ ಜಲಜನಕವನ್ನು ಸಲೀಸಾಗಿ ಕಿತ್ತುಕೊಳ್ಳುತ್ತದೆ. ಕಿತ್ತ ಜಾಗಕ್ಕೆ ಆಮ್ಲಜನಕ ಬಂದು ಕೂಡುತ್ತದೆ. ಹಾಗೆ ಕೂಡಿದ ಅಣು ತಾನೇ ಇನ್ನೊಂದು ರ್‍ಯಾಡಿಕಲ್ ಆಗಿ ಪಕ್ಕದ ಕೊಬ್ಬಿನಾಮ್ಲದ ಜಲಜನಕಕ್ಕೆ ಕೈ ಹಾಕುತ್ತದೆ. ಬಣವೆಗೆ ಬಿದ್ದ ಕಿಡಿ ಹಬ್ಬುವ ಹಾಗೆ ಒಂದರಿಂದ ಒಂದಕ್ಕೆ ಹಾನಿ ಹಬ್ಬುತ್ತ ಹೋಗುತ್ತದೆ. ಒಂದೇ ಜೋಡಿಬಂಧವಿರುವ ಒಲಿಯಿಕ್ ಆಮ್ಲಕ್ಕಿಂತ ಎರಡಿರುವ ಲಿನೋಲಿಯಿಕ್ ಆಮ್ಲ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೀಗೆ ಕೆಡುತ್ತದೆ. ಮೂರಿರುವ ಅಗಸಿಯದು ಅದಕ್ಕಿಂತಲೂ ಬೇಗ. ಅಗಸಿ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಕುಟ್ಟುವ ರೂಢಿ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ಈ ಸರಣಿಯನ್ನು ನಡುವೆ ನಿಲ್ಲಿಸುವ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು. ಕೋಶದ ಪೊರೆಯಲ್ಲಿ ಈ ಕೆಲಸಕ್ಕೆ ಕೂತಿರುವುದು ವಿಟಮಿನ್ ಇ. 1922ರಲ್ಲಿ ಬರ್ಕ್ಲಿಯ ಹರ್ಬರ್ಟ್ ಎವನ್ಸ್ ಮತ್ತು ಕ್ಯಾಥರೀನ್ ಬಿಷಪ್ ಇದನ್ನು ಗುರುತಿಸಿದ್ದು ಇಲಿಗಳ ಗರ್ಭ ನಿಲ್ಲಲು ಬೇಕಾದ ಅಂಶವೆಂದು. ಕೊಬ್ಬನ್ನು ಕಾಯುವ ಅದರ ಗುಣ ತಿಳಿದದ್ದು ಆಮೇಲೆ. ಪೊರೆಯಲ್ಲಿ ಅಗಾಧ ಸಂಖ್ಯೆಯ ಕೊಬ್ಬಿನ ಅಣುಗಳ ನಡುವೆ ವಿಟಮಿನ್ ಇ ಅಣುಗಳು ಎಣಿಸಿದಂತೆ ಅಲ್ಲೊಂದು ಇಲ್ಲೊಂದು. ಆದರೂ ಅದು ತನ್ನ ಜಲಜನಕವನ್ನು ರ್‍ಯಾಡಿಕಲ್‌ಗೆ ಕೊಟ್ಟು ಸರಣಿಯನ್ನು ಅಲ್ಲಿಗೇ ಕಡಿದುಬಿಡುತ್ತದೆ. ಕೊಟ್ಟ ಮೇಲೆ ತಾನು ಬರಿದಾಗುತ್ತದೆ. ಬರಿದಾದದ್ದನ್ನು ವಿಟಮಿನ್ ಸಿ ಮತ್ತೆ ತುಂಬಿಕೊಡುತ್ತದೆ. ರೊಟ್ಟಿಯ ಜೊತೆ ಹಸಿ ಮೆಣಸಿನಕಾಯಿ ಕಡಿಯುವ, ಲಿಂಬೆ ಹಿಂಡಿಕೊಳ್ಳುವ ಊರಿನವರಿಗೆ ವಿಟಮಿನ್ ಸಿ ಸಿಗುವುದೂ ಅಲ್ಲಿಂದಲೇ.

ಮೈಯೊಳಗೆ ಈ ರ್‍ಯಾಡಿಕಲ್‌ಗಳು ಎಲ್ಲಿಂದ ಬರುತ್ತವೆ? ಬಹುಪಾಲು ನಮ್ಮ ಬದುಕಿನಿಂದಲೇ. ತಿಂದದ್ದನ್ನು ಶಕ್ತಿಯಾಗಿ ಮಾಡುವ ಮೈಟೊಕಾಂಡ್ರಿಯಗಳಲ್ಲಿ ಎಲೆಕ್ಟ್ರಾನ್‌ಗಳು ಅಷ್ಟಿಷ್ಟು ಸೋರುತ್ತಲೇ ಇರುತ್ತವೆ. ಅದಕ್ಕೆ ಬೀಡಿಯ ಹೊಗೆ, ಗಾಳಿಯಾಡದ ಅಡುಗೆಮನೆಯ ಒಲೆಯ ಹೊಗೆ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಸೇರಿದರೆ ಸೋರಿಕೆ ಪ್ರವಾಹವಾಗುತ್ತದೆ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಮುಪ್ಪಿಗೇ ಇದು ಕಾರಣವೆಂದು ಬರೆದಾಗ ಹೆಚ್ಚಿನವರು ಕಿವಿಗೊಡಲಿಲ್ಲ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್, ರ್‍ಯಾಡಿಕಲ್‌ಗಳನ್ನು ತಟಸ್ಥಗೊಳಿಸಲೆಂದೇ ಜೀವಕೋಶಗಳು ಕಿಣ್ವವೊಂದನ್ನು ತಯಾರಿಸುತ್ತವೆ ಎಂದು ತೋರಿಸಿದ ಮೇಲೆ ವಿಷಯಕ್ಕೆ ತೂಕ ಬಂತು. ಕಾವಲಿದೆ ಎಂದಮೇಲೆ ಕಳ್ಳನೂ ಇರಲೇಬೇಕಲ್ಲ.

ಈಗ ಆಲಿವ್‌ಗೆ ಬರೋಣ. ಆಲಿವ್ ಎಣ್ಣೆಯ ಪರವಾಗಿ ಇರುವ ಅತ್ಯಂತ ಗಟ್ಟಿ ಪುರಾವೆಗಳಲ್ಲಿ ಒಂದು 2006ರಲ್ಲಿ ಪ್ರಕಟವಾದ ಯೂರೊಲಿವ್ ಪ್ರಯೋಗ. ಯುರೋಪಿನ ಐದು ದೇಶಗಳ 200 ಆರೋಗ್ಯವಂತ ಗಂಡಸರಿಗೆ ದಿನಕ್ಕೆ 25 ಮಿಲಿಲೀಟರ್‌ನಂತೆ ಮೂರು ಬಗೆಯ ಆಲಿವ್ ಎಣ್ಣೆಯನ್ನು ಸರದಿಯ ಮೇಲೆ ತಲಾ ಮೂರು ವಾರ ಕೊಟ್ಟರು. ಮೂರರಲ್ಲೂ ಕೊಬ್ಬಿನಾಮ್ಲಗಳು ಒಂದೇ ತೆರ. ವ್ಯತ್ಯಾಸ ಇದ್ದದ್ದು ಪಾಲಿಫಿನಾಲ್ ಎಂಬ ಕಹಿ-ಒಗರಿನ ಅಂಶದಲ್ಲಿ: ಒಂದರಲ್ಲಿ ಕಿಲೋಗೆ 2.7 ಮಿಲಿಗ್ರಾಂ, ಇನ್ನೊಂದರಲ್ಲಿ 164, ಮೂರನೆಯದರಲ್ಲಿ 366. ಪಾಲಿಫಿನಾಲ್ ಏರಿದಂತೆ ರಕ್ತದಲ್ಲಿ ಉತ್ಕರ್ಷಣಕ್ಕೆ ಒಳಗಾದ, ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣಗಳು ಇಳಿದವು. ಎಲ್‌ಡಿಎಲ್ ಕಣಗಳು ಹೀಗೆ ಕೆಟ್ಟಾಗಲೇ ರಕ್ತನಾಳದ ಗೋಡೆಯ ಕಾವಲುಕೋಶಗಳು ಅವನ್ನು ಬಾಚಿ ನುಂಗಿ, ಕೊಬ್ಬು ತುಂಬಿ ಊದಿ, ಅಲ್ಲೇ ಗಡ್ಡೆ ಕಟ್ಟುತ್ತವೆ. ಹೃದಯದ ನಾಳ ಕಟ್ಟುವ ಕಥೆ ಶುರುವಾಗುವುದು ಇಲ್ಲಿ. ಇಂಥ ಪುರಾವೆಗಳ ಮೇಲೆಯೇ 2011ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ, ದಿನದ ಎಣ್ಣೆಯಿಂದ ಕನಿಷ್ಠ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೊಸಾಲ್ ಎಂಬ ಪಾಲಿಫಿನಾಲ್ ಮತ್ತು ಅದರ ಬಂಧು ವಸ್ತುಗಳು ಸಿಗುವಂತಿದ್ದರೆ, ರಕ್ತದ ಕೊಬ್ಬನ್ನು ಉತ್ಕರ್ಷಣದಿಂದ ಕಾಯುವಲ್ಲಿ ಆ ಎಣ್ಣೆಗೆ ಪಾಲಿದೆಯೆಂದು ಹೇಳಿಕೊಳ್ಳಬಹುದು ಎಂದು ಒಪ್ಪಿತು.

ಈ ಒಪ್ಪಿಗೆಯ ಷರತ್ತನ್ನು ಗಮನಿಸಬೇಕು. ಅದು ಆಲಿವ್ ಎಂಬ ಹೆಸರಿಗೆ ಸಿಕ್ಕಿದ್ದಲ್ಲ, ಎಣ್ಣೆಯಲ್ಲಿ ಉಳಿದ ಪಾಲಿಫಿನಾಲ್‌ಗೆ ಸಿಕ್ಕಿದ್ದು. ಹಣ್ಣನ್ನು ಬಿಸಿ ತಾಗಿಸದೆ ಅರೆದು ತೆಗೆದ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿ ಅದು ಇರುತ್ತದೆ. ತಾಜಾ ಎಣ್ಣೆಯನ್ನು ಹಾಗೆಯೇ ನುಂಗಿದರೆ ಗಂಟಲಿನ ಹಿಂಭಾಗದಲ್ಲಿ ಕೆರೆತ ಹುಟ್ಟುತ್ತದೆ. ಅದಕ್ಕೆ ಕಾರಣವಾದ ಒಲಿಯೊಕ್ಯಾಂಥಾಲ್, ಐಬುಪ್ರೊಫೆನ್ ಮಾತ್ರೆಯ ಹಾಗೆಯೇ ಉರಿಯೂತದ ಕಿಣ್ವಗಳನ್ನು ತಡೆಯುತ್ತದೆ ಎಂದು 2005ರಲ್ಲಿ ಗ್ಯಾರಿ ಬೋಶಾಂಪ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಹಣ್ಣಿನ ಎಣ್ಣೆ ತೆಗೆದಾದ ಮೇಲೆ ಉಳಿದ ಚರಟದಿಂದ ದ್ರಾವಕ ಹಾಕಿ ಎಳೆದು, ರಿಫೈನ್ ಮಾಡಿದ ‘ಪೊಮಾಸ್’ ಎಣ್ಣೆಯೂ ನಮ್ಮ ಅಂಗಡಿಗಳಲ್ಲಿ ಆಲಿವ್ ಹೆಸರಿನಲ್ಲೇ ಸಿಗುತ್ತದೆ. ಬೆಲೆ ಕಡಿಮೆ, ಹೊಗೆಯಾಡುವುದಿಲ್ಲ ಎಂದು ಕರಿಯಲು ಕೊಳ್ಳುವವರಿದ್ದಾರೆ. ಅದರಲ್ಲಿ ಆ ಕಹಿಯೂ ಇಲ್ಲ, ಕೆರೆತವೂ ಇಲ್ಲ. ಯೂರೊಲಿವ್ ಅಳೆದು ತೋರಿಸಿದ ಗುಣವೂ ಇಲ್ಲ. ಸಾಲ ಮಾಡಿ ಮನೆ ನಡೆಸುವವರಿಗೆ ಇಂಥ ಎಣ್ಣೆಯನ್ನು ಹೃದಯದ ಔಷಧಿಯೆಂದು ಮಾರುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಸ್ಪೇನಿನ ಪ್ರೆಡಿಮೆಡ್ ಪ್ರಯೋಗದ ಮಾತನ್ನೂ ಇಲ್ಲಿ ಹೇಳಬೇಕು. ಹೃದಯರೋಗದ ಅಪಾಯ ಹೆಚ್ಚಿದ್ದ 7,447 ಜನರಲ್ಲಿ ಒಂದು ಗುಂಪಿನ ಮನೆಗಳಿಗೆ ವಾರಕ್ಕೆ ಒಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವುಗಳು ಒಟ್ಟಾರೆ ಶೇ. 30ರಷ್ಟು ಕಡಿಮೆಯಾದವು ಎಂದು 2013ರಲ್ಲಿ ವರದಿ ಬಂತು. ಗುಂಪು ಮಾಡುವಾಗ ಕೆಲವೆಡೆ ಚೀಟಿ ಎತ್ತುವ ನಿಯಮ ತಪ್ಪಿದ್ದು ಬೆಳಕಿಗೆ ಬಂದು, ಲೇಖಕರು ಆ ವರದಿಯನ್ನು ಹಿಂದಕ್ಕೆ ಪಡೆದು 2018ರಲ್ಲಿ ಮತ್ತೆ ಲೆಕ್ಕ ಹಾಕಿ ಪ್ರಕಟಿಸಿದರು. ಫಲಿತಾಂಶ ಹೆಚ್ಚು ಬದಲಾಗಲಿಲ್ಲ. ಆದರೆ ಅವರು ತಿಂದದ್ದು ಎಣ್ಣೆಯೊಂದನ್ನೇ ಅಲ್ಲ. ತರಕಾರಿ, ಕಾಳು, ಹಣ್ಣು, ಮೀನಿನ ಊಟದ ಮೇಲೆ ಹಸಿಯಾಗಿ ಸುರಿದುಕೊಂಡ ಎಣ್ಣೆ ಅದು.

ಹಾಗಾದರೆ ಈ ಪಾಲಿಫಿನಾಲ್‌ಗಳು ಒಳಗೆ ಹೋಗಿ ರ್‍ಯಾಡಿಕಲ್‌ಗಳನ್ನು ಒಂದೊಂದಾಗಿ ಹಿಡಿದು ಕಟ್ಟುತ್ತವೆಯೇ? ಜಾಹೀರಾತುಗಳು ಹಾಗೆ ಚಿತ್ರ ಬರೆಯುತ್ತವೆ. ರಕ್ತದಲ್ಲಿ ಅವು ಸೇರುವ ಪ್ರಮಾಣ ತೀರಾ ಅಲ್ಪ. ಕರುಳು, ಯಕೃತ್ತುಗಳು ಅವನ್ನು ಬೇಗನೆ ಬದಲಿಸಿ ಹೊರಗೆ ಕಳಿಸುತ್ತವೆ. ಅಷ್ಟರಿಂದಲೇ ಮೈತುಂಬ ಕಾವಲು ಕಾಯಲು ಆಗದು. ಈಗ ಹೆಚ್ಚು ಒಪ್ಪಿಗೆಯಾಗಿರುವ ವಿವರಣೆ ಬೇರೆಯೇ ಇದೆ. ಸಸ್ಯಗಳ ಈ ಕಹಿ-ಒಗರು ವಸ್ತುಗಳು ಜೀವಕೋಶಕ್ಕೆ ಸಣ್ಣ ಪೆಟ್ಟು ಕೊಡುತ್ತವೆ. ಆ ಪೆಟ್ಟಿಗೆ ಎನ್‌ಆರ್‌ಎಫ್-2 ಎಂಬ ಪ್ರೋಟೀನ್ ಕಟ್ಟು ಬಿಚ್ಚಿಕೊಂಡು ಕೋಶಕೇಂದ್ರಕ್ಕೆ ಹೋಗಿ, ಮೈಯದೇ ಆ್ಯಂಟಿಆಕ್ಸಿಡೆಂಟ್ ಆದ ಗ್ಲುಟಾಥಯಾನ್ ಮತ್ತದರ ಕಿಣ್ವಗಳನ್ನು ಹೆಚ್ಚು ಮಾಡುವ ವಂಶವಾಹಿಗಳನ್ನು ಎಬ್ಬಿಸುತ್ತದೆ. ಹೊರಗಿನಿಂದ ಬಂದ ವಸ್ತುವಿನ ಪಾಲು ಎಚ್ಚರಿಸುವುದಷ್ಟೇ. ಕಾದಾಡುವುದು ಮೈಯದೇ ಕಿಣ್ವಗಳು.

ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು ಏಕೆ ಸೋತವು ಎಂಬುದಕ್ಕೂ ಇದರಲ್ಲಿ ಉತ್ತರದ ಒಂದು ಭಾಗವಿದೆ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ವಿಟಮಿನ್ ಇ ಮಾತ್ರೆಯನ್ನು ದಿನಕ್ಕೆ 400 ಯೂನಿಟ್‌ನಂತೆ ಕೊಟ್ಟ ಅಮೆರಿಕದ ಸೆಲೆಕ್ಟ್ ಪ್ರಯೋಗದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಏರಿದ್ದು 2011ರಲ್ಲಿ ತಿಳಿಯಿತು. 2009ರಲ್ಲಿ ಜರ್ಮನಿಯ ಮೈಕೆಲ್ ರಿಸ್ಟೊ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು: ವ್ಯಾಯಾಮ ಮಾಡುತ್ತಿದ್ದ ಯುವಕರಿಗೆ ವಿಟಮಿನ್ ಸಿ, ಇ ಮಾತ್ರೆಗಳನ್ನು ಕೊಟ್ಟಾಗ, ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭವೇ ತಪ್ಪಿಹೋಯಿತು. ದುಡಿಮೆಯಲ್ಲಿ ಹುಟ್ಟುವ ಅಷ್ಟಿಷ್ಟು ರ್‍ಯಾಡಿಕಲ್‌ಗಳು ಮೈಯನ್ನು ಗಟ್ಟಿ ಮಾಡುವ ಸಂದೇಶಗಳೂ ಹೌದು. ಕಳೆ ತೆಗೆಯುವ, ರಾಶಿ ಮಾಡುವ ಮೈಗೆ ಆ ಸಂದೇಶ ದಿನವೂ ಸಿಗುತ್ತದೆ. ಔಷಧಿ ಅಂಗಡಿಯಿಂದ ಆ್ಯಂಟಿಆಕ್ಸಿಡೆಂಟ್ ಡಬ್ಬಿ ತಂದು, ವೈದ್ಯರು ಹೇಳದೆ ನುಂಗುವವರು ಈ ಮೂರು ಪ್ರಯೋಗಗಳನ್ನು ನೆನಪಿಡಬೇಕು.

ಇಲ್ಲಿಂದ ಮೊರಬದ ಹೊಲಕ್ಕೆ ಬರುತ್ತೇನೆ. ಈ ಭಾಗದ ಎರಿ ಭೂಮಿಯಲ್ಲಿ ಮುಂಗಾರಿಗೆ ಹೆಸರು ಬಂದು ಹೋದ ಮೇಲೆ ಹಿಂಗಾರಿಗೆ ಕಡಲಿ, ಬಿಳಿಜೋಳ, ಗೋದಿ. ಒಂದು ಕಾಲಕ್ಕೆ ಇವುಗಳ ನಡುವೆ ಅಕ್ಕಡಿಯಾಗಿ, ಹೊಲದ ಅಂಚಿಗೆ ಬೇಲಿಯಾಗಿ ಕುಸುಬಿಯ ಸಾಲು ಇದ್ದೇ ಇರುತ್ತಿತ್ತು. ಮುಳ್ಳಿನ ಗಿಡವಾದ್ದರಿಂದ ದನಕರು ಒಳಗೆ ನುಗ್ಗುತ್ತಿರಲಿಲ್ಲ. ಬೇರು ಆಳಕ್ಕಿಳಿದು, ಮೇಲೆ ಬಿರುಕು ಬಿಟ್ಟ ನೆಲದ ಕೆಳಗೆ ಉಳಿದ ತೇವವನ್ನು ಹೀರಿಕೊಂಡು, ಮಳೆ ಇಲ್ಲದ ಮಾಗಿಯಲ್ಲೂ ಹೂ ಬಿಡುತ್ತಿತ್ತು. ಎಳೆ ಎಲೆ ಪಲ್ಯಕ್ಕೆ, ಹೂವಿನ ಎಸಳು ಬಣ್ಣಕ್ಕೆ, ಕಾಳಿನ ಹಾಲು ಹುಗ್ಗಿಗೆ, ಎಣ್ಣೆ ಒಗ್ಗರಣೆಗೆ, ಹಿಂಡಿ ದನಕ್ಕೆ. ಬಿಸಿ ಜೋಳದ ರೊಟ್ಟಿಯ ಮೇಲೆ ಕೆಂಪು ಖಾರ ಹಾಕಿ, ನಡುವೆ ಗುಳಿ ಮಾಡಿ ಹಸಿ ಕುಸುಬಿ ಎಣ್ಣೆ ಬಿಟ್ಟುಕೊಂಡು ತಿಂದವರಿಗೆ ಆ ರುಚಿ ಮರೆಯದು.

ಕುಸುಬಿಯ ಮೇಲಿನ ಸಂಶೋಧನೆಯ ಮುಖ್ಯ ತಾಣಗಳಲ್ಲೊಂದು ಇದೇ ಜಿಲ್ಲೆಯಲ್ಲಿದೆ. ಮೊದಲು ನವಲಗುಂದ ತಾಲ್ಲೂಕಿಗೇ ಸೇರಿದ್ದ, ಈಗ ತಾನೇ ಒಂದು ತಾಲ್ಲೂಕಾಗಿರುವ ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಊರಿನ ಹೆಸರನ್ನೇ ಹೊತ್ತ ಎ-1 ಕುಸುಬಿ ಅಲ್ಲಿಂದ ಹೊರಟು ದಶಕಗಳ ಕಾಲ ಬಿತ್ತನೆಯಲ್ಲಿ ಉಳಿಯಿತು. ಅಣ್ಣಿಗೇರಿ ಎಂದರೆ ಈಗ ಹೆಚ್ಚಿನ ರೈತರಿಗೆ ನೆನಪಾಗುವುದು ಎ-1 ಕಡಲಿ. ಕುಸುಬಿಗೂ ಅಷ್ಟೇ ಗೌರವ ಸಲ್ಲಬೇಕು.

ಆಲಿವ್ ಎದುರು ಕುಸುಬಿ ಎಣ್ಣೆಯನ್ನು ಇಟ್ಟು ನೋಡಿದರೆ ಒಂದು ಲೆಕ್ಕದಲ್ಲಿ ಕುಸುಬಿಯದೇ ಮೇಲುಗೈ. ನೂರು ಗ್ರಾಂ ಆಲಿವ್ ಎಣ್ಣೆಯಲ್ಲಿ ವಿಟಮಿನ್ ಇ 14 ಮಿಲಿಗ್ರಾಂನಷ್ಟಿದ್ದರೆ ಕುಸುಬಿಯಲ್ಲಿ 34ರಷ್ಟಿದೆ. ಕುಸುಬಿ ಕಾಳಿನಲ್ಲಿ ಸೆರೊಟೋನಿನ್ ಬಂಧು ವಸ್ತುಗಳಾದ ಪ್ರಬಲ ಆ್ಯಂಟಿಆಕ್ಸಿಡೆಂಟ್‌ಗಳೂ ಇವೆ. ಎಣ್ಣೆ ತೆಗೆಯುವಾಗ ಅವು ಹೆಚ್ಚಾಗಿ ಹಿಂಡಿಯಲ್ಲೇ ಉಳಿಯುತ್ತವೆ. ಆದರೆ ಕಾಯಬೇಕಾದ ಸರಕಿನ ಲೆಕ್ಕ ಬೇರೆ. ಆಲಿವ್ ಎಣ್ಣೆಯ ಮುಕ್ಕಾಲು ಪಾಲಿನಷ್ಟು ಒಲಿಯಿಕ್ ಆಮ್ಲ. ರೂಢಿಯ ಕುಸುಬಿ ಎಣ್ಣೆಯ ಮುಕ್ಕಾಲು ಪಾಲಿನಷ್ಟು ಲಿನೋಲಿಯಿಕ್ ಆಮ್ಲ. ಬೇಗ ಕೆಡುವ ಸರಕು ಅಷ್ಟೊಂದಿರುವಾಗ, ಒಳಗಿನ ವಿಟಮಿನ್ ಇ ಬಹುಮಟ್ಟಿಗೆ ತನ್ನದೇ ಎಣ್ಣೆಯನ್ನು ಕಾಯುವುದರಲ್ಲಿ ಮುಗಿದುಹೋಗುತ್ತದೆ. ತೆಳ್ಳಗೆ ಹಚ್ಚಿದ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುತ್ತದೆ. 1950ರ ಸುಮಾರಿಗೆ ಅಮೆರಿಕದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಬೆಳೆಯತೊಡಗಿದ್ದು ಬಣ್ಣ, ವಾರ್ನಿಷ್ ಕಾರ್ಖಾನೆಗಳಿಗಾಗಿ ಎಂಬುದು ಈ ಗುಣಕ್ಕೆ ಸಾಕ್ಷಿ.

ಲಿನೋಲಿಯಿಕ್ ಆಮ್ಲ ರಕ್ತದ ಕೊಲೆಸ್ಟ್ರಾಲ್ ಇಳಿಸುತ್ತದೆ ಎಂದು ತಿಳಿದ ಮೇಲೆ ಕುಸುಬಿ ಎಣ್ಣೆ ಕಾರ್ಖಾನೆಯಿಂದ ಊಟದ ಮೇಜಿಗೆ ಬಂತು. ನಮ್ಮ ನಗರಗಳಲ್ಲೂ ಹೃದ್ರೋಗಿಗಳಿಗೆ ಇದನ್ನೇ ಬಳಸಿ ಎಂದು ವೈದ್ಯರು ಹೇಳುತ್ತಿದ್ದ ಕಾಲ ಅದು. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಒಮ್ಮೆ ಹೃದಯದ ತೊಂದರೆ ಬಂದಿದ್ದ 30ರಿಂದ 59 ವಯಸ್ಸಿನ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಬೆಣ್ಣೆ, ಪ್ರಾಣಿಕೊಬ್ಬಿನ ಬದಲು ಕುಸುಬಿ ಎಣ್ಣೆ ಮತ್ತು ಕುಸುಬಿ ಎಣ್ಣೆಯ ಮಾರ್ಗರಿನ್. ಕಳೆದುಹೋಗಿದ್ದ ಮೂಲ ಅಂಕಿಅಂಶಗಳನ್ನು ಹುಡುಕಿ ತೆಗೆದು ಕ್ರಿಸ್ಟೋಫರ್ ರಾಮ್ಸ್‌ಡೆನ್ ಮತ್ತು ಸಂಗಡಿಗರು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಓದಿದವರಿಗೆ ಆಘಾತವಾಯಿತು. ಕುಸುಬಿ ಗುಂಪಿನಲ್ಲಿ ಸತ್ತವರು ಶೇ. 17.6, ಇನ್ನೊಂದು ಗುಂಪಿನಲ್ಲಿ ಶೇ. 11.8. ಕೊಲೆಸ್ಟ್ರಾಲ್ ಇಳಿದಿತ್ತು, ಸಾವು ಏರಿತ್ತು.

ಈ ಒಂದು ಪ್ರಯೋಗವನ್ನು ಹಿಡಿದು ಕುಸುಬಿಯನ್ನು ವಿಷವೆನ್ನುವುದು ತಪ್ಪು. ಗುಂಪು ಚಿಕ್ಕದು, ಎಲ್ಲರೂ ಮೊದಲೇ ರೋಗಿಗಳು. ಆ ಕಾಲದ ಮಾರ್ಗರಿನ್‌ನಲ್ಲಿ ಟ್ರಾನ್ಸ್ ಕೊಬ್ಬು ಸೇರಿದ್ದಿರಬಹುದು ಎಂಬ ಆಕ್ಷೇಪವಿದೆ. ಊಟದಲ್ಲಿ ಲಿನೋಲಿಯಿಕ್ ಆಮ್ಲ ಮಿತವಾಗಿ ಇರುವವರಲ್ಲಿ ಹೃದಯರೋಗ ಕಡಿಮೆ ಎಂದು ಹೇಳುವ ದೊಡ್ಡ ಸಮೀಕ್ಷೆಗಳೂ ಇವೆ. ಆದರೆ ಒಂದೇ ಎಣ್ಣೆಯನ್ನು ಮಿತಿಮೀರಿ, ಸಂಸ್ಕರಿಸಿ, ಉಳಿದೆಲ್ಲವನ್ನು ಬಿಟ್ಟು ತಿನ್ನುವುದರ ವಿರುದ್ಧ ಅದು ಸರಿಯಾದ ಎಚ್ಚರಿಕೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಣ್ಣೆಗಳನ್ನು ಬದಲಾಯಿಸುತ್ತ, ಬೆರೆಸುತ್ತ ಬಳಸಿ ಎಂದು ಹೇಳುತ್ತ ಬಂದಿರುವುದು ಇದಕ್ಕೇ. ಉತ್ತರ ಕರ್ನಾಟಕದ ಹಳೆಯ ಅಡುಗೆಯಲ್ಲಿ ಆ ಬೆರಕೆ ತಾನಾಗಿ ಇತ್ತು: ಶೇಂಗಾ ಒಂದು ದಿನ, ಕುಸುಬಿ ಒಂದು ದಿನ, ಚಟ್ನಿಯಲ್ಲಿ ಗುರೆಳ್ಳು, ಪುಡಿಯಲ್ಲಿ ಅಗಸಿ, ಎಳ್ಳಮಾಸಿಯ ಸಜ್ಜಿ ರೊಟ್ಟಿಗೆ ಎಳ್ಳು. ಎಳ್ಳಿನ ಎಣ್ಣೆಯ ಸೆಸಮೋಲಿನ್ ಬಿಸಿ ತಾಗಿದಾಗ ಸೆಸಮಾಲ್ ಎಂಬ ಇನ್ನೂ ಚುರುಕಾದ ಆ್ಯಂಟಿಆಕ್ಸಿಡೆಂಟ್ ಆಗುತ್ತದೆ. ಎಳ್ಳೆಣ್ಣೆ ಬೇಗ ಕಮಟಾಗದಿರಲು ಇದೂ ಒಂದು ಕಾರಣ.

ಆ ಬೆರಕೆ ಈಗ ಒಡೆದಿದೆ. 1980ರ ದಶಕದಲ್ಲಿ ದೇಶದಲ್ಲಿ ಎಂಟು ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದ್ದ ಕುಸುಬಿ ಈಗ ಒಂದು ಲಕ್ಷ ಹೆಕ್ಟೇರಿನ ಕೆಳಗಿಳಿದಿದೆ. ಅದರಲ್ಲಿ ಬಹುಪಾಲು ಕರ್ನಾಟಕ, ಮಹಾರಾಷ್ಟ್ರಗಳದೇ ಆದ್ದರಿಂದ ನಷ್ಟವೂ ಹೆಚ್ಚಾಗಿ ನಮ್ಮದೇ. ಮುಳ್ಳಿನ ಬೆಳೆ ಕೊಯ್ಯಲು ಕೈಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಹೊಲಕ್ಕಿಳಿಯಬೇಕು. ಆ ಕೆಲಸಕ್ಕೆ ಆಳು ಸಿಗುವುದಿಲ್ಲ. ಹೇನು ಬಿದ್ದರೆ ಬೆಳೆ ಕೈಬಿಡುತ್ತದೆ. ಕಡಲಿಗೆ ಯಂತ್ರವಿದೆ, ಖರೀದಿ ಕೇಂದ್ರವಿದೆ, ಇಳುವರಿ ಹೆಚ್ಚು. 2025-26ರ ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಕುಸುಬಿಗೆ ಕ್ವಿಂಟಲಿಗೆ 5,940 ರೂಪಾಯಿ, ಕಡಲಿಗೆ 5,650 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. ಬೆಲೆಯ ಹಲಗೆಯಲ್ಲಿ ಕುಸುಬಿಯೇ ಮುಂದೆ, ಹೊಲದಲ್ಲಿ ಕಡಲಿಯೇ ಮುಂದೆ. 1990ರ ದಶಕದಲ್ಲಿ ತಾಳೆ ಎಣ್ಣೆಯ ಆಮದು ಸಡಿಲವಾದ ಮೇಲೆ ಕಿರಾಣಿ ಅಂಗಡಿಯ ಪಾಕೀಟು ಎಣ್ಣೆ ಅಗ್ಗವಾಯಿತು, ಊರೂರಿನ ಗಾಣಗಳು ನಿಂತವು.

ಪಾಕೀಟಿನ ರಿಫೈನ್ಡ್ ಎಣ್ಣೆಯನ್ನು 200 ಡಿಗ್ರಿಗೂ ಮೇಲೆ ಕಾಯಿಸಿ ವಾಸನೆ ತೆಗೆದಿರುತ್ತಾರೆ. ವಾಸನೆಯ ಜೊತೆ ಪಾಲಿಫಿನಾಲ್‌ಗಳು ಹೋಗುತ್ತವೆ, ವಿಟಮಿನ್ ಇಯಲ್ಲೂ ಒಂದಷ್ಟು ಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಅವು ಉಳಿಯುತ್ತವೆ ನಿಜ. ಆದರೆ ಹಳೆಯ, ಮುಗ್ಗಿದ ಕಾಳು ಹಾಕಿ ತಿರುಗಿಸಿದ ಗಾಣದ ಎಣ್ಣೆ ಒಳ್ಳೆಯದಲ್ಲ. ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಸಾಲಾಗಿಟ್ಟದ್ದೂ ಅಲ್ಲ. ಗಾಣ ಎಂಬ ಹೆಸರಿಗೆ ದುಡ್ಡು ಕೊಡುವ ಮೊದಲು ಕಾಳು ಯಾವ ಹಂಗಾಮಿನದು, ಎಣ್ಣೆ ಯಾವಾಗ ತೆಗೆದದ್ದು ಎಂದು ಕೇಳುವುದು ಗಿರಾಕಿಯ ಹಕ್ಕು.

ಇದಕ್ಕಿಂತ ದೊಡ್ಡ ಹಾನಿ ಬಾಣಲೆಯಲ್ಲಿ ಆಗುತ್ತಿದೆ. ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯನ್ನು ನಾನೂ ಇಷ್ಟಪಟ್ಟು ತಿನ್ನುವವನೇ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಕುದಿದು ಕಪ್ಪಾದ, ಮೇಲೆ ನೊರೆ ಬಿಡುವ, ಮರುದಿನ ಹೊಸ ಎಣ್ಣೆ ಸೇರಿಸಿ ಮತ್ತೆ ಒಲೆಗೇರುವ ಎಣ್ಣೆಯಲ್ಲಿ ವಿಟಮಿನ್ ಇ ಎಂದೋ ತೀರಿರುತ್ತದೆ. ಲಿನೋಲಿಯಿಕ್ ಆಮ್ಲ ಒಡೆದು ಹುಟ್ಟುವ ಹೈಡ್ರಾಕ್ಸಿನೊನೆನಾಲ್‌ನಂಥ ವಸ್ತುಗಳು ಜೀವಕೋಶದ ಪ್ರೋಟೀನುಗಳಿಗೂ ವಂಶವಾಹಿಗೂ ಅಂಟಿಕೊಳ್ಳುತ್ತವೆ. ಕರಿದ ಎಣ್ಣೆಯಲ್ಲಿ ಕೆಟ್ಟ ಧ್ರುವೀಯ ವಸ್ತುಗಳ ಪಾಲು ಶೇ. 25 ಮೀರಬಾರದು ಎಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ಮಾಡಿದೆ. ಅದನ್ನು ಅಳೆಯುವ ಕೈಹಿಡಿತದ ಯಂತ್ರಗಳೂ ಇವೆ. ಸಂತೆಯ ದಿನ ಒಂದು ಯಂತ್ರ ಹಿಡಿದು ಭಜಿ ಅಂಗಡಿಗಳ ಸಾಲಿನಲ್ಲಿ ನಡೆಯುವ ಅಧಿಕಾರಿಯಿಂದ ಈ ಸೀಮೆಗೆ ಆಗುವ ಉಪಕಾರ, ಮನೆಮನೆಗೆ ಆಲಿವ್ ಬಾಟಲಿ ಹಂಚಿದರೂ ಆಗುವುದಿಲ್ಲ. ಮನೆಯಲ್ಲಿ ಹೋಳಿಗೆ, ಕರಿಗಡುಬಿನ ಹಬ್ಬ ಮುಗಿದ ಮೇಲೆ ಉಳಿದ ಎಣ್ಣೆಯನ್ನು ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಬೇಕು. ಮತ್ತೆ ಮತ್ತೆ ಕರಿಯಲು ಇಡಬಾರದು.

ರೊಟ್ಟಿಯ ಮೇಲೆ ಹಸಿ ಎಣ್ಣೆ ಬಿಟ್ಟುಕೊಳ್ಳುವ ಪದ್ಧತಿಗೆ ಈ ಎಲ್ಲದರ ನಡುವೆ ಹೊಸ ಬೆಲೆ ಬರುತ್ತದೆ. ಕಾಯಿಸದ ಎಣ್ಣೆಯಲ್ಲಿ ವಿಟಮಿನ್ ಇ ಹಾಗೆಯೇ ಇರುತ್ತದೆ. ಕೆಂಪು ಮೆಣಸಿನಕಾಯಿಯ ಬಣ್ಣ ಕ್ಯಾಪ್ಸಾಂಥಿನ್ ಎಂಬ ಕ್ಯಾರೊಟಿನಾಯ್ಡ್. ಅದು ಎಣ್ಣೆಯಲ್ಲಿ ಕರಗಿದರೇನೇ ಕರುಳು ಅದನ್ನು ಹೀರಿಕೊಳ್ಳುವುದು. ಪಕ್ಕದಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿಯ ಕ್ವೆರ್ಸೆಟಿನ್, ಹಕ್ಕರಕಿ ಮತ್ತು ಮೆಂತ್ಯದ ಹಸಿ ಸೊಪ್ಪು, ಜೋಳದ ಸಿಪ್ಪೆಯ ಫಿನಾಲ್‌ಗಳು. ಸ್ಪೇನಿನವರು ತಮ್ಮ ತಟ್ಟೆಯನ್ನು 7,447 ಜನರ ಮೇಲೆ ಅಳೆದು ಜಗತ್ತಿಗೆ ತೋರಿಸಿದರು. ಧಾರವಾಡ ಜಿಲ್ಲೆಯ ತಟ್ಟೆಗೂ ಅಂಥ ಅಳತೆಯ ಗೌರವ ಸಿಗಬೇಕು. ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು ಒಂದೇ ರಸ್ತೆಯ ಮೇಲಿರುವ ಹುಬ್ಬಳ್ಳಿ-ಧಾರವಾಡಕ್ಕೆ ಅದು ಆಗದ ಕೆಲಸವಲ್ಲ.

ಕುಸುಬಿಗೆ ಇನ್ನೊಂದು ದಾರಿ ತೆರೆದಿದೆ, ನನ್ನ ಆಸೆ ಇರುವುದು ಅದರ ಮೇಲೆ. 1957ರಲ್ಲಿ ವಿಜ್ಞಾನಿಗಳ ಕಣ್ಣಿಗೆ ಬಿದ್ದ ಒಂದು ವಿಚಿತ್ರ ಕುಸುಬಿಯಲ್ಲಿ ಲಿನೋಲಿಯಿಕ್ ಜಾಗದಲ್ಲಿ ಒಲಿಯಿಕ್ ಆಮ್ಲ ತುಂಬಿತ್ತು. ಆ ಬೀಜ ಹೋಗಿದ್ದು ನಮ್ಮ ಉಪಖಂಡದಿಂದಲೇ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಾಲ್ ನೋಲ್ಸ್ ಈ ಗುಣ ಒಂದೇ ವಂಶವಾಹಿಯ ಕೆಲಸವೆಂದು ಕಂಡುಕೊಂಡು, 1966ರಲ್ಲಿ ಯುಸಿ-1 ಎಂಬ ತಳಿಯನ್ನು ಹೊರತಂದರು. ಅದರ ಎಣ್ಣೆ ಕೊಬ್ಬಿನಾಮ್ಲಗಳ ಮಟ್ಟಿಗೆ ಆಲಿವ್ ಎಣ್ಣೆಯ ಸಮಸಮಕ್ಕೆ ನಿಲ್ಲುತ್ತದೆ. ಕಾಯಿಸಿದರೂ ನಿಧಾನವಾಗಿ ಕೆಡುತ್ತದೆ. ಆಲಿವ್‌ನ ಹೈಡ್ರಾಕ್ಸಿಟೈರೊಸಾಲ್ ಇದರಲ್ಲಿ ಬಾರದು, ಆದರೆ ಕುಸುಬಿಯ ವಿಟಮಿನ್ ಇ ಇರುತ್ತದೆ. ಹೈದರಾಬಾದಿನ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆಯ ತಳಿಗಾರರು ಈಗ ನಮ್ಮ ನೆಲಕ್ಕೆ ಹೊಂದುವ ಇಂಥ ಕುಸುಬಿ ತಳಿಗಳನ್ನು ರೂಪಿಸಿದ್ದಾರೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ಮುಳ್ಳಿಲ್ಲದ ಕುಸುಬಿಯನ್ನು ಬೆಳೆದು ತೋರಿಸಿ ವರ್ಷಗಳಾಗಿವೆ. ಶೇಂಗಾದಲ್ಲೂ ಇದೇ ಹಾದಿಯಲ್ಲಿ ಗಿರ್ನಾರ್-4, ಗಿರ್ನಾರ್-5 ಎಂಬ ಹೆಚ್ಚು ಒಲಿಯಿಕ್ ತಳಿಗಳು 2020ರಲ್ಲಿ ಬಂದಿವೆ. ದೂರದ ಆಲಿವ್ ತೋಪಿನ ಎಣ್ಣೆಗೆ ಹಡಗಿನ ಬಾಡಿಗೆ ಕೊಡುವ ಬದಲು, ಕಡಲಿಯ ಸಾಲುಗಳ ನಡುವೆ ಒಂದೆರಡು ಸಾಲು ಇಂಥ ಕುಸುಬಿ ಹಾಕಿದರೆ ಮನೆಗೆ ಎಣ್ಣೆ, ದನಕ್ಕೆ ಹಿಂಡಿ, ಜೇನಿಗೆ ಹೂ ಮೂರೂ ಆಗುತ್ತವೆ.

ಇದನ್ನು ಒಬ್ಬಿಬ್ಬರು ರೈತರು ಬಿತ್ತಿದರೆ ಸಾಲದು. ಒಲಿಯಿಕ್ ಹೆಚ್ಚಿಸುವ ಆ ವಂಶವಾಹಿ ಅಪ್ಪ-ಅಮ್ಮ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಗುಣ ತೋರಿಸುತ್ತದೆ. ಕುಸುಬಿ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೂ ಜೇನುಹುಳ ಪಕ್ಕದ ಹೊಲದ ಪರಾಗವನ್ನೂ ತರುತ್ತದೆ. ಒಬ್ಬರ ಹೊಲದಲ್ಲಿ ಹೊಸ ತಳಿ, ಬದುವಿನಾಚೆ ಹಳೆಯ ಎ-1 ಇದ್ದರೆ ಬೆರಕೆಯಾದ ಕಾಳುಗಳ ಎಣ್ಣೆ ಹಳೆಯ ಗುಣಕ್ಕೇ ತಿರುಗುತ್ತದೆ. ಹೀಗಾಗಿ ಒಂದು ಹರವಿನ ಹೊಲಗಳವರೆಲ್ಲ ಒಂದೇ ಬೀಜಕ್ಕೆ ಒಪ್ಪಬೇಕು, ರಾಶಿಯನ್ನು ಬೇರೆಯಾಗಿ ಮಾಡಬೇಕು, ಗಾಣಕ್ಕೆ ಬೇರೆಯಾಗಿ ಹಾಕಬೇಕು. ಮುಂದಿನ ಬಿತ್ತನೆಗೆ ಬೀಜವನ್ನು ಹರವಿನ ನಡುವಿನ ಹೊಲದಿಂದಲೇ ಎತ್ತಿಡಬೇಕು. ಅಣ್ಣಿಗೇರಿಯ ಕೇಂದ್ರದವರು ಮೊರಬದಂಥ ಊರಿಗೆ ಬಂದು, ರೈತರ ಗುಂಪಿನ ಜೊತೆ ಕೂತು, ಹೊಲಗಳ ನಕಾಶೆ ಬಿಡಿಸಿಟ್ಟು ಮಾತಾಡಬೇಕಾದ ವಿಷಯ ಇದು. ಹಿಂಗಾರು ಕುಸುಬಿಗೆ ಕೂರಿಗೆ ಹೂಡುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಬೀಜದ ಬೇಡಿಕೆ ಶ್ರಾವಣದೊಳಗೆ ಹೋಗಬೇಕು.